ಸಸಿ ನೆಟ್ಟವರ ಫೋಟೊ ಸಾಕು, ನೀರು ಹಾಕುವವರ ಸಂಘ ಬೇಕು

ಪತ್ರಿಕೋದ್ಯಮ ಓದಿ ಊರಿಗೆ ಬಂದ ಹೊಸತರಲ್ಲಿ ನಾನು ಬರೆದ ಮೊದಮೊದಲ ಸುದ್ದಿಗಳಲ್ಲಿ ಒಂದು ಸಸಿ ನೆಡುವ ಕಾರ್ಯಕ್ರಮದ್ದು. ಜೂನ್ 5, ವಿಶ್ವ ಪರಿಸರ ದಿನ. ನಮ್ಮ ಕಡೆಯ ಒಂದು ಸರ್ಕಾರಿ ಶಾಲೆ. ಒಂದು ಹೊಂಗೆ ಸಸಿಯನ್ನು ಎಂಟೊಂಬತ್ತು ಜನ ಹಿಡಿದುಕೊಂಡು ನಿಂತಿದ್ದರು. ಹಿಂದೆ ಸಾಲಾಗಿ ಮಕ್ಕಳು. ಒಬ್ಬರು ಭಾಷಣದಲ್ಲಿ ‘ಮನೆಗೊಂದು ಮರ, ಊರಿಗೊಂದು ವನ’ ಎಂದರು, ನಾನು ಅದನ್ನೇ ತಲೆಬರಹ ಮಾಡಿದೆ. ಮೂರು ಪ್ಯಾರಾ ಸುದ್ದಿ, ಒಂದು ಫೋಟೊ. ಹೆಸರುಗಳೆಲ್ಲ ಸರಿಯಾಗಿ ಬಂದಿದ್ದರಿಂದ ಯಾರೂ ಬೈಯಲಿಲ್ಲ.

ಮಾರನೇ ವರ್ಷ ಅದೇ ದಿನ ಅದೇ ಶಾಲೆಗೆ ಹೋದೆ. ಅದೇ ಜಾಗದಲ್ಲಿ ಗುಂಡಿ ತೋಡಿತ್ತು. ಹತ್ತಿರ ಹೋಗಿ ನೋಡಿದರೆ ಅದು ಹೊಸ ಗುಂಡಿ ಆಗಿರಲಿಲ್ಲ. ಹೋದ ವರ್ಷದ ಗುಂಡಿಯನ್ನೇ ಸ್ವಲ್ಪ ಕೆದಕಿ ಮಣ್ಣು ಮೇಲೆತ್ತಿದ್ದರು. ಒಳಗೆ ಹಳೆಯ ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲದ ಚೂರು ಕಾಣುತ್ತಿತ್ತು. ಆ ದಿನವೂ ನಾನು ಸುದ್ದಿ ಬರೆದೆ. ಹಳೇ ಗುಂಡಿಯ ವಿಚಾರ ಬರೆಯಲಿಲ್ಲ. ಕಾರ್ಯಕ್ರಮದ ವರದಿಯಲ್ಲಿ ಅದಕ್ಕೆ ಜಾಗ ಎಲ್ಲಿ ಎಂದುಕೊಂಡೆ.

ಈಗ ಅನ್ನಿಸುವುದು, ಸುದ್ದಿ ಇದ್ದದ್ದೇ ಆ ಗುಂಡಿಯಲ್ಲಿ.

ಗಿಡ ಯಾಕೆ ಸಾಯುತ್ತದೆ ಎಂಬುದರಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ಶಾಲೆಯ ವೇಳಾಪಟ್ಟಿ ನೋಡಿದರೆ ಸಾಕು. ಜೂನ್‌ನಲ್ಲಿ ಶಾಲೆ ಶುರು, ಸಸಿ ನೆಡುತ್ತಾರೆ. ಮಳೆ ಇರುತ್ತದೆ, ಸಸಿ ಚಿಗುರುತ್ತದೆ. ಮಕ್ಕಳು ಕೈ ತೊಳೆಯುವ ನೀರು, ತಟ್ಟೆ ತೊಳೆಯುವ ನೀರು ಬುಡಕ್ಕೆ ಬೀಳುತ್ತದೆ. ದಸರಾ ರಜೆ ದಾಟುತ್ತದೆ, ಸಂಕ್ರಾಂತಿಯೂ ದಾಟುತ್ತದೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ. ಮೇ ಕೊನೆಯವರೆಗೆ ಮಕ್ಕಳೂ ಇಲ್ಲ, ಬಿಸಿಯೂಟವೂ ಇಲ್ಲ, ಮೇಷ್ಟ್ರೂ ಇಲ್ಲ. ಮಂಡ್ಯದ ಬಿಸಿಲು ಸುಡುವುದು ಸರಿಯಾಗಿ ಆ ಏಳು ವಾರ. ಕಾಂಪೌಂಡ್ ಮುರಿದ ಕಡೆ ಮೇಕೆಗಳು ಒಳಗೆ ಬರುತ್ತವೆ. ಹತ್ತು ತಿಂಗಳು ಬದುಕಿದ ಗಿಡ ಏಳು ವಾರದಲ್ಲಿ ಮುಗಿಯುತ್ತದೆ. ಇದಕ್ಕೆ ಮೇಷ್ಟ್ರನ್ನಾಗಲಿ ಮಕ್ಕಳನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ. ಶಾಲೆ ಇಲ್ಲದ ಕಾಲದಲ್ಲಿ ಶಾಲೆಯ ಗಿಡವನ್ನು ಶಾಲೆಯೇ ನೋಡಿಕೊಳ್ಳಬೇಕು ಎನ್ನುವುದು ಆಗದ ಮಾತು.

ಹಾಗಾದರೆ ಯಾರು ನೋಡಿಕೊಳ್ಳಬೇಕು? ಊರು. ಊರು ಎಂದರೆ ಎಲ್ಲರೂ, ಎಲ್ಲರೂ ಎಂದರೆ ಯಾರೂ ಇಲ್ಲ. ಅದಕ್ಕೇ ಚಿಕ್ಕರಸಿನಕೆರೆಯಂಥ ಹೋಬಳಿ ಕೇಂದ್ರಕ್ಕೆ ಒಂದು ತೋಟದ ಸಂಘ ಬೇಕು ಎಂದು ನಾನು ವಾದಿಸುತ್ತಿರುವುದು.

ತೋಟದ ಸಂಘ ಎಂದರೆ ನಮ್ಮಲ್ಲಿ ನಗುತ್ತಾರೆ. ಅದು ಬೆಂಗಳೂರಿನವರ ಕೆಲಸ, ಪಿಂಚಣಿ ಬರುವವರು ಕುಂಡದಲ್ಲಿ ಗುಲಾಬಿ ಬೆಳೆದು ಬಹುಮಾನ ತಗೊಳ್ಳೋದು ಎಂಬ ಭಾವನೆ ಇದೆ. ಪೂರ್ತಿ ಸುಳ್ಳೂ ಅಲ್ಲ. ನಮ್ಮ ರಾಜ್ಯದಲ್ಲಿ ಇಂಥ ಸಂಘಗಳಿಗೆ ಹಿರಿಯಣ್ಣನಂತಿರುವ ಮೈಸೂರು ಉದ್ಯಾನ ಕಲಾ ಸಂಘ 1912ರಲ್ಲಿ ಹುಟ್ಟಿದ್ದು ಲಾಲ್‌ಬಾಗ್‌ನಲ್ಲಿ. ಅದರ ಹಿಂದೆ ಇದ್ದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನಿಯ ತೋಟಗಾರ ಕೃಂಬಿಗಲ್. ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯೋತ್ಸವಕ್ಕೆ ಒಂದು ಎಂದು ಲಾಲ್‌ಬಾಗ್‌ನಲ್ಲಿ ಇವತ್ತಿಗೂ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಆ ಸಂಘದ ಕೈ ಇದೆ. ಅದೇ ಕೃಂಬಿಗಲ್ ಅವರ ಕೈಚಳಕ ನಮ್ಮ ಜಿಲ್ಲೆಯ ಕನ್ನಂಬಾಡಿಯ ಬೃಂದಾವನದಲ್ಲೂ ಇದೆ. ಅಂದರೆ ತೋಟದ ಕಲೆ ಮಂಡ್ಯಕ್ಕೆ ಹೊಸದಲ್ಲ. ನಾವು ಅದನ್ನು ಟಿಕೆಟ್ ತಗೊಂಡು ನೋಡಿ ಬರುವ ವಸ್ತು ಮಾಡಿಕೊಂಡಿದ್ದೇವೆ ಅಷ್ಟೆ.

ಜನವರಿ ಕೊನೆಗೆ ಮಂಡ್ಯದಲ್ಲೂ ತೋಟಗಾರಿಕೆ ಇಲಾಖೆಯ ಆವರಣದಲ್ಲಿ ಫಲಪುಷ್ಪ ಪ್ರದರ್ಶನ ಮಾಡುತ್ತಾರೆ. ಹೂವಿನಲ್ಲಿ ಮಾಡಿದ ಆನೆ, ದೇವಸ್ಥಾನ, ಸೇತುವೆ, ಕಲ್ಲಂಗಡಿಯಲ್ಲಿ ಕೊರೆದ ಮುಖಗಳು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಸೆಲ್ಫಿ ತಗೊಳ್ಳುತ್ತಾರೆ. ಒಳ್ಳೆಯದೇ. ಆದರೆ ಆ ಸೇವಂತಿಗೆಯನ್ನು ಯಾವ ತಿಂಗಳು ನೆಡಬೇಕು, ಕುಡಿ ಯಾವಾಗ ಚಿವುಟಬೇಕು, ಎಲೆ ಮುದುಡಿದರೆ ಏನು ಮಾಡಬೇಕು ಎಂದು ಹೇಳಿಕೊಡಲು ಬೇಕಾದದ್ದು ಮೂರು ದಿನದ ಪ್ರದರ್ಶನವಲ್ಲ. ವರ್ಷದ ಮುನ್ನೂರ ಅರವತ್ತೈದು ದಿನವೂ ಊರಲ್ಲಿರುವ ನಾಲ್ಕು ಜನ ಬೇಕು.

ಆ ನಾಲ್ಕು ಜನ ಹಿಂದೆ ಪ್ರತಿ ಮನೆಯ ಹಿತ್ತಿಲಿನಲ್ಲೇ ಇದ್ದರು. ನಮ್ಮ ಅವ್ವನ ಹಿತ್ತಿಲು ಅಂಥ ದೊಡ್ಡದಲ್ಲ. ಒಂದು ಕಡೆ ತಿಪ್ಪೆ, ಒಂದು ಕಡೆ ಹುಲ್ಲಿನ ಮೆದೆ. ಬಚ್ಚಲು ನೀರು ಹರಿಯುವಲ್ಲಿ ಬಾಳೆ, ಕರಿಬೇವು. ಬೇಲಿಗೆ ಹಬ್ಬಿದ ಚಪ್ಪರದವರೆ, ಹೀರೆ. ಒಂದು ನುಗ್ಗೆ, ಒಂದು ಪರಂಗಿ. ಮುಂಬಾಗಿಲಿಗೆ ದಾಸವಾಳ, ಕಣಗಿಲೆ, ನಂದಿಬಟ್ಟಲು. ತಲೆಗೆ ಮುಡಿಯಲು ಕನಕಾಂಬರ. ಯಾವುದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಒಬ್ಬರ ಮನೆಯಿಂದ ಕಡ್ಡಿ, ಇನ್ನೊಬ್ಬರ ಮನೆಯಿಂದ ಬೀಜ, ತವರಿನಿಂದ ಗೆಡ್ಡೆ. ಯಾರ ಮನೆಯ ಬದನೆ ಬೀಜ ಚೆನ್ನಾಗಿದೆ, ಯಾವ ಸೋರೆ ಕಹಿ ಬರುವುದಿಲ್ಲ ಎಂಬುದೆಲ್ಲ ಹೆಂಗಸರಿಗೆ ಬಾಯಿಪಾಠ. ಸಂಘದ ಹೆಸರಿಲ್ಲದೆ ನಡೆಯುತ್ತಿದ್ದ ಸಂಘ ಅದು.

ಹಟ್ಟಿ ಒಡೆದು ಆರ್‌ಸಿಸಿ ಮನೆ ಕಟ್ಟಿದೆವು. ಅಂಗಳಕ್ಕೆ ಸಿಮೆಂಟ್ ಹಾಕಿದೆವು, ಬಚ್ಚಲು ನೀರನ್ನು ಚರಂಡಿಗೆ ಬಿಟ್ಟೆವು. ಹಿತ್ತಿಲು ಅಣ್ಣತಮ್ಮಂದಿರ ಪಾಲಿಗೆ ಹೋಯಿತು. ಸುತ್ತ ಕಣ್ಣು ಹಾಯಿಸಿದರೆ ಹಸಿರೋ ಹಸಿರು, ಆದರೆ ಅದು ಕಬ್ಬು ಮತ್ತು ಭತ್ತದ ಹಸಿರು. ಕರಿಬೇವಿನ ಎಸಳಿಗೂ ಈಗ ಭಾರತೀನಗರದ ಸಂತೆಗೆ ಹೋಗಬೇಕು. ಇದರಲ್ಲಿ ಕಳೆದುಹೋದದ್ದು ಬರೀ ಸೊಪ್ಪು ತರಕಾರಿ ಅಲ್ಲ. ತಲೆಮಾರಿನಿಂದ ತಲೆಮಾರಿಗೆ ಪುಕ್ಕಟೆ ಸಿಗುತ್ತಿದ್ದ ಪಾಠವೂ ಹೋಯಿತು.

ಪಾಠ ಹೋದ ಮೇಲೆ ಅಂದ ಒಂದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಲಂಟಾನ ನೋಡಿ. ಬಣ್ಣಬಣ್ಣದ ಹೂ ಬಿಡುತ್ತದೆ ಎಂದು ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆ ತಂದ ಗಿಡ. ಇವತ್ತು ನಮ್ಮ ಕಾಡುಗಳ ನೆಲವನ್ನೆಲ್ಲ ನುಂಗಿ ಕೂತಿದೆ. ಇತ್ತೀಚಿನ ಉದಾಹರಣೆ ಬೇಕಾದರೆ ಕೊನೊಕಾರ್ಪಸ್. ಬೇಗ ಬೆಳೆಯುತ್ತದೆ, ಸದಾ ಹಸಿರಾಗಿರುತ್ತದೆ ಎಂದು ರಸ್ತೆ ಬದಿ, ಬಡಾವಣೆಗಳಲ್ಲಿ ನೆಟ್ಟರು. ಅದರಿಂದ ಆಗುವ ತೊಂದರೆ ನೋಡಿ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಊರು ಚೆಂದ ಮಾಡುತ್ತೇವೆ ಎಂದು ಹೊರಡುವವರು ಯಾವ ಗಿಡ, ಯಾವ ಜಾಗ, ಯಾಕೆ ಎಂದು ಮೊದಲು ಕೇಳಿಕೊಳ್ಳಬೇಕು. ಅದಕ್ಕೇ ಸೌಂದರ್ಯ ಮತ್ತು ಶಿಕ್ಷಣ ಎರಡೂ ಒಂದೇ ಸಂಘದ ಕೆಲಸ ಆಗಬೇಕು.

ಶಿಕ್ಷಣ ಎಂದ ಕೂಡಲೇ ಭಾಷಣ ನೆನಪಾಗುತ್ತದೆ. ಅದು ಬೇಡ. ಶಾಲೆಯ ಅಂಗಳದಲ್ಲಿ ಒಂದು ಕರಿಬೇವು, ಒಂದು ನಿಂಬೆ ಗಿಡ ಬದುಕಿದ್ದರೆ ಸಾಕು, ಅರ್ಧ ವರ್ಷದ ವಿಜ್ಞಾನ ಅಲ್ಲೇ ಇದೆ. ನಿಂಬೆ ಚಿಟ್ಟೆ ಬಂದು ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಹೊರಬಂದ ಸಣ್ಣ ಹುಳ ನೋಡಲು ಥೇಟ್ ಹಕ್ಕಿ ಪಿಕ್ಕೆಯ ಹಾಗೆ ಇರುತ್ತದೆ. ಹಕ್ಕಿ ತಿನ್ನದಿರಲಿ ಎಂದು ಆ ವೇಷ. ದೊಡ್ಡದಾದ ಮೇಲೆ ಅದೇ ಹುಳ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಪಠ್ಯಪುಸ್ತಕದಲ್ಲಿ ಚಿಟ್ಟೆಯ ಜೀವನಚಕ್ರದ ಚಿತ್ರ ಬರೆದು ಬಣ್ಣ ಹಚ್ಚುವ ಮಗು ಇದನ್ನು ಕಣ್ಣಾರೆ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಹುಳ ಕಂಡ ಕೂಡಲೇ ಔಷಧಿ ಹೊಡೆಯುವ ಅಪ್ಪನನ್ನು ಒಂದು ಪ್ರಶ್ನೆ ಕೇಳಲೂಬಹುದು. ರಾಷ್ಟ್ರೀಯ ಹಸಿರು ಪಡೆ ಹೆಸರಿನಲ್ಲಿ 2001-02ರಿಂದ ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿವೆ. ಕ್ಲಬ್‌ಗೆ ಪುಸ್ತಕ ಇದೆ, ಫಲಕ ಇದೆ. ಏಪ್ರಿಲ್ ದಾಟಿ ಬದುಕಿದ ಗಿಡ ಇದ್ದರೆ ತಾನೇ ಅದಕ್ಕೂ ಕೆಲಸ?

ಇಂಥ ಕೆಲಸ ಹಳ್ಳಿಯಲ್ಲಿ ಆಗುವುದಿಲ್ಲ ಎನ್ನುವವರನ್ನು ನಾನು ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಊರ ನಡುವಿನ ಹುಣಸೆ ಮರ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಹುಣಸೆಹಣ್ಣು ಬಡಿಯುವ ಹಾಗಿಲ್ಲ. ಮರದ ಒಡೆಯರಿಗೆ ಆಗುವ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ಆದರೆ ಬರೀ ಪರಿಹಾರದ ದುಡ್ಡಿನಿಂದ ಆ ಹಕ್ಕಿಗಳು ಉಳಿದಿಲ್ಲ. ಮೈಸೂರಿನ ಹವ್ಯಾಸಿ ಪರಿಸರಾಸಕ್ತರು ಊರಿನ ಹುಡುಗರ ಜೊತೆ ಸೇರಿ ಕೆಲಸ ಶುರು ಮಾಡಿದರು. ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ತಂದು, ಬೇಲಿ ಕಟ್ಟಿದ ಜಾಗದಲ್ಲಿಟ್ಟು, ಮೀನು ತಿನ್ನಿಸಿ, ಹಾರುವವರೆಗೆ ಸಾಕುವ ಕೆಲಸ ಅವರದ್ದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. ಕೊಕ್ಕರೆಬೆಳ್ಳೂರು ಚೆಂದ ಕಾಣುವುದು ಸ್ವಾಗತ ಕಮಾನಿನಿಂದ ಅಲ್ಲ, ಬಿದ್ದ ಮರಿಯನ್ನು ಎತ್ತಿಕೊಳ್ಳುವವರು ಅಲ್ಲಿ ಇದ್ದಾರೆ ಎಂಬುದರಿಂದ.

ನಮ್ಮಲ್ಲಿ ಒಬ್ಬಂಟಿಯಾಗಿ ಇಂಥ ಕೆಲಸ ಮಾಡಿದವರಿಗೆ ಕೊರತೆ ಇಲ್ಲ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿ ನೆಟ್ಟರು. ಅವರನ್ನು ಹೊಗಳುವಾಗ ನಾವು ಮರಗಳ ಲೆಕ್ಕ ಹೇಳುತ್ತೇವೆ. ಆ ದಂಪತಿ ಕೊಡದಲ್ಲಿ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದ್ದು ಎಷ್ಟು ವರ್ಷ ಎಂದು ಹೇಳುವುದು ಕಡಿಮೆ. ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದ ಮೇಲೆ ಹತ್ತಾರು ಕಟ್ಟೆ ತೋಡಿದರು. 2020ರಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ ಹೆಸರು ಹೇಳಿದಾಗ ಜಿಲ್ಲೆಗೆಲ್ಲ ಹೆಮ್ಮೆ. 2022ರಲ್ಲಿ ಅವರೂ ಹೋದರು. ಇಂಥವರನ್ನು ಪೂಜಿಸುವುದು ನಮಗೆ ಸುಲಭ. ಒಬ್ಬರು ಹೊತ್ತ ಭಾರವನ್ನು ಇಪ್ಪತ್ತು ಜನ ಹಂಚಿಕೊಂಡರೆ ಯಾರೂ ಮಹಾತ್ಮರಾಗಬೇಕಿಲ್ಲ ಎಂಬುದನ್ನು ಮಾತ್ರ ಯೋಚಿಸುವುದಿಲ್ಲ.

ಈ ಮಾತನ್ನು ಒಂದು ದಿನ ಡೇರಿ ಮುಂದೆ ಹಾಲು ಹಾಕಲು ನಿಂತವರ ಹತ್ತಿರ ಎತ್ತಿದೆ. ವಯಸ್ಸಾದವರೊಬ್ಬರು ಕ್ಯಾನ್ ಕೆಳಗಿಟ್ಟು, “ಕಬ್ಗೇ ನೀರಿಲ್ಲ, ನಿನ್ ಹೂವಿನ್ ಗಿಡಕ್ಕೆ ಎಲ್ಲಿಂದ ತರದು ಮಗ?” ಅಂದರು.

ಆ ಪ್ರಶ್ನೆಗೆ ನಗುವ ಹಕ್ಕು ನನಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದೆ ಹೋದಾಗ ವಿ.ಸಿ. ನಾಲೆಯ ಕೊನೆಯ ಭಾಗದವರು ಪಟ್ಟ ಪಾಡು ನೋಡಿದ್ದೇನೆ. ಬೆಳೆ ಒಣಗುವಾಗ ಉದ್ಯಾನದ ಮಾತಾಡುವವನಿಗೆ ನಾಚಿಕೆ ಇರಬೇಕು. ಆದರೂ ಲೆಕ್ಕ ಹಾಕಿ ನೋಡೋಣ ದೊಡ್ಡಪ್ಪ ಎಂದೆ. ಒಂದು ಶಾಲೆಗೆ ನಲವತ್ತು ಗಿಡ. ಬೇಸಿಗೆಯಲ್ಲಿ ಒಂದೊಂದಕ್ಕೆ ವಾರಕ್ಕೆ ಎರಡು ಬಿಂದಿಗೆ ಎಂದರೆ ಎಂಬತ್ತು ಬಿಂದಿಗೆ. ಇಪ್ಪತ್ತು ಮನೆಯವರು ಹಂಚಿಕೊಂಡರೆ ಮನೆಗೆ ವಾರಕ್ಕೆ ನಾಲ್ಕು. ಏಳು ವಾರಕ್ಕೆ ಇಪ್ಪತ್ತೆಂಟು. ಪಾತ್ರೆ ತೊಳೆದ ನೀರಾದರೂ ನಡೆಯುತ್ತದೆ. ಬುಡಕ್ಕೆ ಕಬ್ಬಿನ ಸೋಗೆ ಮುಚ್ಚಿದರೆ ತೇವ ಇನ್ನಷ್ಟು ದಿನ ನಿಲ್ಲುತ್ತದೆ. ಸೋಗೆಗೆ ನಮ್ಮಲ್ಲಿ ಬರ ಇಲ್ಲ, ಗದ್ದೆಯಲ್ಲೇ ಬೆಂಕಿ ಹಾಕುತ್ತೇವೆ. ದೊಡ್ಡಪ್ಪ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. “ನಾಕ್ ಬಿಂದ್ಗೆ ಏನ್ ಭಾರ ಅಲ್ಲ, ನೆಪ್ಪು ಮಾಡೋರು ಯಾರು?” ಎಂದು ಕ್ಯಾನ್ ಎತ್ತಿಕೊಂಡು ಮುಂದೆ ಹೋದರು.

ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ನೆನಪು ಮಾಡುವುದೇ ಸಂಘದ ಕೆಲಸ.

ಸಂಘ ಕಟ್ಟುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಲಿನ ಸೊಸೈಟಿ ಇದೆ. ವಾರವಾರ ಕೂತು ಒಂದೊಂದು ರೂಪಾಯಿಗೂ ಲೆಕ್ಕ ಬರೆಯುವ ಸ್ತ್ರೀಶಕ್ತಿ ಸಂಘಗಳಿವೆ. ಗಣಪತಿ ಕೂರಿಸಲು ಯುವಕರ ಸಂಘ, ಸಿನಿಮಾ ನಟರಿಗೆ ಅಭಿಮಾನಿ ಸಂಘ. ಕಾಲಭೈರವೇಶ್ವರನ ಬಸವನನ್ನು ಸುತ್ತಲ ಊರಿನವರೆಲ್ಲ ಭಯಭಕ್ತಿಯಿಂದ ನಡೆಸಿಕೊಳ್ಳುತ್ತಾರೆ. ಯಾರ ಮನೆಯವರು ಏನು ಮಾಡಬೇಕು ಎಂಬುದನ್ನು ಅಲ್ಲಿ ಬರೆದಿಟ್ಟಿಲ್ಲ, ಆದರೂ ತಪ್ಪುವುದಿಲ್ಲ. ಸರದಿ, ಹೊಣೆ ಎಂಬುದು ನಮ್ಮ ರಕ್ತದಲ್ಲೇ ಇದೆ. ಅದನ್ನು ನಲವತ್ತು ಗಿಡದ ಕಡೆಗೆ ತಿರುಗಿಸಬೇಕು.

ನನ್ನ ಪ್ರಕಾರ ಆ ಸಂಘಕ್ಕೆ ನಾಲ್ಕೈದು ಕಟ್ಟುಪಾಡು ಸಾಕು. ಮೊದಲನೆಯದು, ಬದುಕಿಸಲು ಆಗುವಷ್ಟೇ ನೆಡುವುದು. ನೂರು ನೆಟ್ಟು ಐದು ಉಳಿಸುವ ಬದಲು ಹತ್ತು ನೆಟ್ಟು ಒಂಬತ್ತು ಉಳಿಸಲಿ. ಎರಡನೆಯದು, ಪ್ರತಿ ಗಿಡಕ್ಕೂ ಒಂದು ಮನೆಯ ಹೊಣೆ, ಬೇಸಿಗೆ ರಜೆಗೆ ಸರದಿ ಪಟ್ಟಿ. ಆ ಪಟ್ಟಿ ಡೇರಿ ಗೋಡೆಯ ಮೇಲೆ ಇರಲಿ, ದಿನಕ್ಕೆರಡು ಸಲ ಅಲ್ಲಿಗೆ ಎಲ್ಲರೂ ಬರುತ್ತಾರೆ. ಮೂರನೆಯದು, ವರ್ಷಕ್ಕೊಂದು ಸಲ ಬೀಜದ ಸಂತೆ. ಹಿತ್ತಿಲು ಮಾಡಿ ಗೊತ್ತಿರುವ ಅಜ್ಜಿಯರು ಬಂದು ಮಕ್ಕಳಿಗೆ ಬೀಜ ತೆಗೆಯುವುದು, ಬೂದಿ ಬೆರೆಸಿ ಇಡುವುದು ತೋರಿಸಲಿ. ಅತಿಥಿ ಕುರ್ಚಿ ಅವರಿಗೇ ಹಾಕಿ. ನಾಲ್ಕನೆಯದು, ಶುರು ಮಾಡುವ ಜಾಗ. ದೇವಸ್ಥಾನದ ಮುಂದಿನ ಬೀದಿ, ಮುಖ್ಯರಸ್ತೆಗೆ ಮಾತ್ರ ಹೂವಿನ ಗಿಡ ಹಾಕಿ ಊರು ಚೆಂದ ಆಯಿತು ಎನ್ನಬಾರದು. ಅಂಗಳವೇ ಇಲ್ಲದ ಕಾಲೊನಿ ಮನೆಗಳಿಗೂ ಒಂದು ನುಗ್ಗೆ, ಒಂದು ಕರಿಬೇವು ಸಲ್ಲಬೇಕು, ಆ ಬೀದಿಯವರೂ ಸಂಘದಲ್ಲಿ ಮಾತಾಡುವ ಸ್ಥಾನದಲ್ಲಿರಬೇಕು. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಬರೀ ಅಲಂಕಾರ.

ಉಳಿದ ಗಿಡವನ್ನು ಎಣಿಸುವುದು ಐದನೆಯದು. ಇದು ನನ್ನ ಕಲ್ಪನೆಯಲ್ಲ, ಸರ್ಕಾರಕ್ಕೇ ಗೊತ್ತಿರುವ ಸಂಗತಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಜಮೀನಿನಲ್ಲಿ ಸಸಿ ನೆಟ್ಟ ಮೇಲೆ ಒಂದನೇ, ಎರಡನೇ, ಮೂರನೇ ವರ್ಷದ ಕೊನೆಗೆ ಬದುಕಿರುವ ಸಸಿಗಳನ್ನು ಎಣಿಸಿ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ. ಹೊಲಕ್ಕೆ ಹಾಕುವ ಈ ಲೆಕ್ಕವನ್ನು ಶಾಲೆಯ ಅಂಗಳಕ್ಕೂ ಹಾಕಬಾರದೇಕೆ?

ಇನ್ನು ನಮ್ಮ ಕಸುಬಿನ ಮಾತು. ಗ್ರಾಮೀಣ ಪತ್ರಿಕೋದ್ಯಮ ಎಂದು ಓದಿ ಬಂದ ನಾವು ಇದರಲ್ಲಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಫೋಟೊ ಬರುತ್ತದೆ ಎಂಬುದಕ್ಕೇ ಎಷ್ಟೋ ಗಿಡ ನೆಡಲಾಗುತ್ತದೆ. ಆ ಫೋಟೊ ಹಾಕುವವರು ನಾವು. ಜೂನ್ 5ಕ್ಕೆ ಓಡುವ ನಾವು ಮೇ 20ಕ್ಕೆ ಆ ಕಡೆ ತಲೆ ಹಾಕುವುದಿಲ್ಲ. ಕಾರ್ಯಕ್ರಮ ಇಲ್ಲದ ದಿನ ಸುದ್ದಿಯೂ ಇಲ್ಲ ಎಂದು ನಮಗೆ ನಾವೇ ಕಲಿಸಿಕೊಂಡಿದ್ದೇವೆ. ಹಳೇ ಗುಂಡಿಯನ್ನು ನೋಡಿಯೂ ಬರೆಯದೆ ಬಂದ ನನ್ನ ಪಾಲೂ ಆ ಸತ್ತ ಸಸಿಯಲ್ಲಿದೆ.

ಅದಕ್ಕೇ ಈ ಬ್ಲಾಗಿನ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಜೂನ್‌ನಲ್ಲಿ ಸಸಿ ನೆಡುವ ಸುದ್ದಿಗೆ ಹೋದಾಗ ಒಂದೇ ಒಂದು ಪ್ರಶ್ನೆ ಜಾಸ್ತಿ ಕೇಳಿ: “ಹೋದ ವರ್ಷದ್ದು ಎಷ್ಟು ಉಳಿದಿವೆ? ತೋರಿಸಿ.” ಉತ್ತರ ಏನೇ ಬರಲಿ, ಅದನ್ನೇ ಸುದ್ದಿಯ ಮೊದಲ ಸಾಲು ಮಾಡಿ. ಎರಡು ವರ್ಷ ಹೀಗೆ ಬರೆದರೆ ಮೂರನೇ ವರ್ಷ ಏಪ್ರಿಲ್‌ನಲ್ಲಿ ಯಾರಾದರೂ ಬಿಂದಿಗೆ ಎತ್ತಿಯೇ ಎತ್ತುತ್ತಾರೆ.

ನಾನು ಆ ಶಾಲೆಯ ಹತ್ತಿರದ ನಾಲ್ಕು ಮನೆಯವರ ಜೊತೆ ಮಾತಾಡಿದ್ದೇನೆ. ಇನ್ನೂ ಹದಿನಾರು ಬೇಕು. ಡೇರಿಯ ಆ ದೊಡ್ಡಪ್ಪನನ್ನು ಮತ್ತೆ ಕೇಳುವುದಿದೆ. ಈ ಸಲ ಸರದಿ ಪಟ್ಟಿ ಬರೆದುಕೊಂಡೇ ಹೋಗುತ್ತೇನೆ.